ಆಂಗ್ಲೋ-ಸ್ಯಾಕ್ಸನರ ಮೂಲ: ಕಲ್ಪನೆ ಮತ್ತು ಪ್ರಮಾಣ

ಇಂಗ್ಲಿಷರ ಪೂರ್ವಿಕರೆನಿಸಿದ ಆಂಗ್ಲೋ-ಸ್ಯಾಕ್ಸನರು ಎಲ್ಲಿಂದ ಬಂದವರು? ಈ ಪ್ರಶ್ನೆಗೆ ಎರಡು ಬಗೆಯ ಉತ್ತರಗಳುಂಟು. ಒಂದು ಕಿವಿಗೆ ಇಂಪಾದುದು. ಇನ್ನೊಂದು ಪರೀಕ್ಷೆಗೆ ನಿಲ್ಲತಕ್ಕದ್ದು.

ಮೊದಲನೆಯದನ್ನು ನೋಡೋಣ. ಕ್ರಿ.ಪೂ. 722ರ ಸುಮಾರಿಗೆ ಅಸ್ಸೀರಿಯದ ಅರಸರು ಇಸ್ರೇಲಿನ ಉತ್ತರ ರಾಜ್ಯವನ್ನು ಗೆದ್ದು ಅಲ್ಲಿಯ ಜನರಲ್ಲಿ ಅನೇಕರನ್ನು ಸೆರೆಯೊಯ್ದರು. ಆ ರಾಜ್ಯದ ಹತ್ತು ಕುಲಗಳವರು ಅಲೆದಲೆದು ಕೊನೆಗೆ ಬ್ರಿಟನ್ನನ್ನು ಸೇರಿದರೆಂದು 1840ರಲ್ಲಿ ಜಾನ್ ವಿಲ್ಸನ್ ಎಂಬಾತನು ಗ್ರಂಥವೊಂದರಲ್ಲಿ ವಾದಿಸಿದನು. ಈ ಪಂಥದವರಿಗೆ ಶಬ್ದಸಾಮ್ಯವೇ ದೊಡ್ಡ ಆಧಾರ. ‘ಐಸಾಕ್ಸ್ ಸನ್ಸ್’, ಅಂದರೆ ಇಸಾಕನ ಮಕ್ಕಳು, ಎಂಬುದೇ ಸವೆದು ‘ಸ್ಯಾಕ್ಸನ್ಸ್’ ಆಯಿತೆಂದು ಅವರ ಮತ. ಆದರೆ ‘ಸನ್’ ಎಂಬುದು ಇಂಗ್ಲಿಷ್ ಶಬ್ದ. ಅಸ್ಸೀರಿಯದ ಸೆರೆಯಾಳುಗಳು ಇಂಗ್ಲಿಷನ್ನು ಆಡುತ್ತಿದ್ದರೇ?

ಎರಡು ಶಬ್ದಗಳು ಒಂದರಂತೊಂದು ಕೇಳಿಸಿದ ಮಾತ್ರಕ್ಕೆ ಭಾಷಾಶಾಸ್ತ್ರವು ನಂಟನ್ನು ಒಪ್ಪುವುದಿಲ್ಲ, ಸಾಮ್ಯದಲ್ಲಿ ನಿಯಮವಿರಬೇಕು. ತಮಿಳಿನ ಪಾಲ್, ಪಲ್, ಪುಲಿ ಎಂಬವು ಕನ್ನಡದಲ್ಲಿ ಹಾಲು, ಹಲ್ಲು, ಹುಲಿ ಆಗಿರುವುದು ವಾಚಕರಿಗೆ ತಿಳಿದೇ ಇದೆ. ಹಾಗೆಯೇ ಇಂಗ್ಲಿಷಿನ ಟೆನ್, ಟಂಗ್, ಟೂತ್ ಎಂಬವಕ್ಕೆ ಜರ್ಮನ್ ಭಾಷೆಯಲ್ಲಿ ತ್ಸೇನ್, ತ್ಸುಂಗೆ, ತ್ಸಾನ್ ಎಂಬ ರೂಪಗಳಿವೆ. ಹೀಬ್ರೂ ಭಾಷೆಗೂ ಇಂಗ್ಲಿಷಿಗೂ ಇಂತಹ ನಿಯತವಾದ ಹೊಂದಿಕೆಯಿಲ್ಲ.

ಇನ್ನು ಎರಡನೆಯ ಉತ್ತರ. 731ರಲ್ಲಿ ತನ್ನ ಇತಿಹಾಸಗ್ರಂಥವನ್ನು ಮುಗಿಸಿದ ಬೀಡ್ ಎಂಬ ಸನ್ಯಾಸಿಯು, ಆಂಗಲ್, ಸ್ಯಾಕ್ಸನ್, ಜೂಟ್ ಎಂಬ ಮೂರು ಜನಾಂಗಗಳು ಐದನೆಯ ಶತಮಾನದಲ್ಲಿ ಜರ್ಮನಿಯ ಕಡೆಯಿಂದ ಸಮುದ್ರವನ್ನು ದಾಟಿ ಬಂದುವೆಂದು ಬರೆದನು. ಉತ್ತರ ಸಮುದ್ರದ ಎರಡು ದಡಗಳ ಗೋರಿಗಳಲ್ಲಿಯೂ ಒಂದೇ ಮಾದರಿಯ ಮಡಕೆಗಳೂ ಉಡುಪಿನ ಪಿನ್ನುಗಳೂ ದೊರೆತಿವೆ. 2022ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ವಾಯವ್ಯ ಯೂರೋಪಿನ ಮಧ್ಯಯುಗದ 460 ಜನರ ಅಸ್ಥಿಗಳ ಡಿ.ಎನ್.ಎ.ಯನ್ನು ಪರೀಕ್ಷಿಸಲಾಯಿತು, ಇವರಲ್ಲಿ 278 ಮಂದಿ ಇಂಗ್ಲೆಂಡಿನವರು. ಪೂರ್ವ ಇಂಗ್ಲೆಂಡಿನವರ ವಂಶಾಂಶದಲ್ಲಿ ನೂರಕ್ಕೆ 76ರಷ್ಟರವರೆಗೆ ಜರ್ಮನಿ, ಡೆನ್ಮಾರ್ಕ್, ನೆದರ್ಲೆಂಡ್ಸ್‌ಗಳ ಕರಾವಳಿಯಿಂದ ಬಂದುದೆಂದು ಕಂಡಿತು. ಬಂದವರೂ ಮೊದಲಿದ್ದವರೂ ಬೆರೆತುಹೋಗಿದ್ದರೆಂಬುದೂ ತಿಳಿಯಿತು. ಶುದ್ಧ ಕುಲವೆಂಬುದು ಅಲ್ಲಿ ಇರಲಿಲ್ಲ.

ನಿರಪಾಯವೆಂದು ತೋರುವ ಕಲ್ಪನೆಯೂ ಹಾನಿಯನ್ನು ಮಾಡಬಲ್ಲದು. ಇದೇ ಪಂಥದವರು 1899ರಿಂದ 1902ರವರೆಗೆ ಐರ್ಲೆಂಡಿನ ಪ್ರಾಚೀನವಾದ ತಾರಾ ಗುಡ್ಡವನ್ನು ಬೈಬಲಿನ ಪವಿತ್ರ ಪೆಟ್ಟಿಗೆಗಾಗಿ ಅಗೆದರು. ಪೆಟ್ಟಿಗೆ ಸಿಕ್ಕಲಿಲ್ಲ; ಪುರಾತನ ದಿಬ್ಬವೊಂದು ಹಾಳಾಯಿತು. ಅಮೆರಿಕದಲ್ಲಿ ಈ ವಾದವು ಇಪ್ಪತ್ತನೆಯ ಶತಮಾನದಲ್ಲಿ ಇನ್ನೂ ಕ್ರೂರವಾದ ರೂಪವನ್ನು ತಾಳಿತು. ಬಿಳಿಯರೇ ನಿಜವಾದ ಇಸ್ರೇಲರು, ಯೆಹೂದ್ಯರು ಸುಳ್ಳು ಹಕ್ಕುದಾರರು, ಅವರ ಗುಪ್ತಮಂಡಲಿಯೇ ಸರ್ಕಾರಗಳನ್ನು ಆಡಿಸುತ್ತಿದೆ ಎಂದು ಕೆಲವರು ಸಾರಿದರು. ಇಂತಹ ಒಳಸಂಚಿಗೆ ‘ಸಾಕ್ಷ್ಯ’ವೆಂದು 1903ರಲ್ಲಿ ರಷ್ಯದಲ್ಲಿ ಅಚ್ಚಾದ ಬರಹವೊಂದು, 1864ರ ಫ್ರೆಂಚ್ ವಿಡಂಬನ ಗ್ರಂಥದಿಂದ ಬಹುಮಟ್ಟಿಗೆ ಕದ್ದುದೆಂದು ಲಂಡನ್ನಿನ ‘ಟೈಮ್ಸ್’ ಪತ್ರಿಕೆಯು 1921ರಲ್ಲಿ ತೋರಿಸಿಕೊಟ್ಟಿತು. ಆದರೂ ನಂಬಿದವರು ಬಿಡಲಿಲ್ಲ.

ಏಕೆ? ಗುಪ್ತಸಂಚಿನ ವಾದಕ್ಕೆ ಒಂದು ವಿಚಿತ್ರ ಗುಣವಿದೆ. ಸಾಕ್ಷ್ಯ ಸಿಕ್ಕಿದರೆ ಸರಿ. ಸಿಕ್ಕದಿದ್ದರೆ ಯಾರೋ ಬಚ್ಚಿಟ್ಟಿರುವರೆಂದು ಅದೂ ಸಾಕ್ಷ್ಯವಾಗುವುದು. ಬೀಡನ ಮಾತು ಹಾಗಲ್ಲ. ಗೋರಿಗಳೂ ಅಸ್ಥಿಗಳೂ ಅದನ್ನು ಸುಳ್ಳೆನ್ನಬಹುದಾಗಿತ್ತು. ಬಹುಮಟ್ಟಿಗೆ ಅವು ಅದನ್ನು ಸಮರ್ಥಿಸಿದುವು. ಆದುದರಿಂದ ಯಾವುದೇ ವಾದವನ್ನು ಕೇಳಿದಾಗ, ‘ಏನು ಕಂಡುಬಂದರೆ ಇದು ಸುಳ್ಳಾಗುವುದು?’ ಎಂದು ವಾಚಕರು ಮೊದಲು ವಿಚಾರಿಸಬೇಕು. ಉತ್ತರವೇ ಇಲ್ಲದ ವಾದವು ಎಷ್ಟೇ ರಂಜಕವಾಗಿರಲಿ, ಜ್ಞಾನವೆನಿಸದು.