ಮೊದಲ ಎಟಿಎಂ ಕಾರ್ಡು: ರಾಮನಾಥಪುರದಲ್ಲಿ ಒಂದು ವಯಸ್ಕರ ಪಾಠ

ಪೀಠಿಕೆ

ನಮ್ಮ ಬಿ.ಇಡಿ. ಪೌರತ್ವ ತರಬೇತಿ ಶಿಬಿರ ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ನಡೆಯಿತು. ಕಾವೇರಿ ದಂಡೆಯ ಈ ಊರಿನ ಸುಬ್ರಹ್ಮಣ್ಯ ದೇವಾಲಯ, ಹೊಗೆಸೊಪ್ಪಿನ ಹರಾಜು ಮಾರುಕಟ್ಟೆ ಎರಡೂ ಹೆಸರಾದವು. ಶಿಬಿರದಲ್ಲಿ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ಊರಿನ ವಯಸ್ಕರಿಗೆ ಎರಡು ಪಾಠ ಮಾಡಬೇಕಿತ್ತು. ನನ್ನ ಬೋಧನಾ ವಿಷಯ ಗಣಿತ. ಸ್ತ್ರೀಶಕ್ತಿ ಸಂಘದ ಹನ್ನೊಂದು ಮಂದಿ ಮಹಿಳೆಯರು ನನ್ನ ತರಗತಿಗೆ ಬಂದರು.

2023ರ ಆಗಸ್ಟ್ 30ರಂದು ಗೃಹಲಕ್ಷ್ಮಿ ಯೋಜನೆ ಆರಂಭವಾದ ಮೇಲೆ ಮನೆಯ ಯಜಮಾನಿಯ ಖಾತೆಗೇ ತಿಂಗಳಿಗೆ 2,000 ರೂಪಾಯಿ ಎಂದಾಯಿತು. ಇವರಲ್ಲಿ ಬಹುತೇಕರ ಹೆಸರಿನಲ್ಲಿ ರುಪೇ ಕಾರ್ಡೂ ಇತ್ತು. ಆದರೆ ಅದು ಇರುತ್ತಿದ್ದದ್ದು ಮಗನದೋ ಮೊಮ್ಮಗನದೋ ಜೇಬಿನಲ್ಲಿ. ಆದ್ದರಿಂದ 'ಎಟಿಎಂ ಕಾರ್ಡಿನ ಬಳಕೆ' ಎಂಬ ಘಟಕ ಆರಿಸಿಕೊಂಡೆ.

ಉದ್ದೇಶಗಳು

ಕಲಿಕಾರ್ಥಿಗಳು:
1. ನಾಲ್ಕು ಅಂಕಿಗಳ ಗುಪ್ತ ಸಂಖ್ಯೆಯನ್ನು (ಪಿನ್) ನೆನಪಿನಿಂದ ಒತ್ತುವರು.
2. ಹಣ ತೆಗೆಯುವ ಹಂತಗಳನ್ನು ಕ್ರಮವಾಗಿ ಹೇಳುವರು.
3. ಪಿನ್ ಗುಟ್ಟಾಗಿಡಬೇಕಾದ ಕಾರಣ ತಿಳಿಯುವರು.

ಮೊದಲ ಪಾಠ

ರಟ್ಟಿನ ಪೆಟ್ಟಿಗೆಯಿಂದ ಎಟಿಎಂ ಮಾದರಿ ಮಾಡಿದೆ. ಅಂಕಿಗಳ ಬಟನ್‌ಗಳನ್ನು ನನ್ನ ಕ್ಯಾಲ್ಕುಲೇಟರ್ ನೋಡಿಕೊಂಡು ಬರೆದೆ. ಅದೇ ಚಿತ್ರದ ಹಾಳೆಯನ್ನು ಎಲ್ಲರಿಗೂ ಹಂಚಿ, ಮನೆಯಲ್ಲಿ ತಮ್ಮ ಸಂಖ್ಯೆಯನ್ನು ಯಾರೂ ಕಾಣದಂತೆ ಒತ್ತಿ ಅಭ್ಯಾಸ ಮಾಡಲು ಹೇಳಿದೆ. ತರಗತಿಯಲ್ಲಿ ಎಲ್ಲರೂ ಸುಳ್ಳು ಸಂಖ್ಯೆಯೊಂದನ್ನು ಸರಿಯಾಗಿ ಒತ್ತಿದರು. ದಾಖಲೆ ಪುಸ್ತಕದಲ್ಲಿ 'ಉದ್ದೇಶ ಈಡೇರಿದೆ' ಎಂದು ಬರೆದೆ.

ಮರುದಿನ ಐದು ಮಂದಿಯೊಂದಿಗೆ ಎಟಿಎಂಗೆ ಹೋದೆವು. ಎಲ್ಲರೂ ದೊಡ್ಡಮ್ಮ ಎಂದು ಕರೆಯುವ ಹಿರಿಯರೊಬ್ಬರು ಮೊದಲು ಒಳಹೋದರು. ನಾನು ಬಾಗಿಲ ಹೊರಗೆ ಬೆನ್ನು ತಿರುಗಿಸಿ ನಿಂತೆ. ಎರಡು ಸಲ ಪಿನ್ ತಪ್ಪಾಯಿತು. ಸಾಮಾನ್ಯವಾಗಿ ಮೂರನೆಯ ತಪ್ಪಿಗೆ ಕಾರ್ಡು ತಡೆಹಿಡಿಯಲ್ಪಡುತ್ತದೆ ಎಂದು ಅವರನ್ನು ಹೊರಗೆ ಕರೆದೆ. "ಅಭ್ಯಾಸ ಮಾಡಿದ ಕಡೇನೇ ಒತ್ತಿದೆ ಕಣಮ್ಮ, ಅದು ಒಪ್ತಾ ಇಲ್ಲ" ಎಂದರು. ಸರದಿಯಲ್ಲಿದ್ದ ಒಬ್ಬರು, "ಮೊಮ್ಮಗನ್ನ ಕಳಿಸಬಾರದಿತ್ತಾ ಅಜ್ಜಿ?" ಎಂದರು. ದೊಡ್ಡಮ್ಮ ಮಾತಾಡದೆ ಕಾರ್ಡನ್ನು ಸೆರಗಿಗೆ ಕಟ್ಟಿಕೊಂಡು ಮನೆಗೆ ಹೊರಟರು. ಉಳಿದ ನಾಲ್ವರೂ ಒಳಗೆ ಹೋಗಲಿಲ್ಲ.

ತಪ್ಪು ಎಲ್ಲಿತ್ತು?

ಒಳಗೆ ಹೋಗಿ ನೋಡಿದೆ. ಯಂತ್ರದಲ್ಲಿ ಮೇಲಿನ ಸಾಲು 1-2-3. ನನ್ನ ಹಾಳೆಯಲ್ಲಿ ಮೇಲಿನ ಸಾಲು 7-8-9. ಕ್ಯಾಲ್ಕುಲೇಟರ್ ಮತ್ತು ಕಂಪ್ಯೂಟರಿನ ಪಕ್ಕದ ಅಂಕಿಗಳು ಕೆಳಗಿನಿಂದ ಮೇಲಕ್ಕೆ ಏರುತ್ತವೆ. ಫೋನು ಮತ್ತು ಎಟಿಎಂನಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುತ್ತವೆ. ಬಟನ್ ಫೋನು ರೂಪಿಸುವಾಗ ಅಮೆರಿಕದ ಬೆಲ್ ಪ್ರಯೋಗಾಲಯದವರು ಹಲವು ಜೋಡಣೆಗಳನ್ನು ಜನರ ಕೈಯಲ್ಲಿ ಒತ್ತಿಸಿ ಪರೀಕ್ಷಿಸಿ ಈ ಕ್ರಮವನ್ನು ಆರಿಸಿದ್ದರು. ಅಂಕಿ ಓದಬಲ್ಲ ನನಗೆ ಎರಡೂ ಒಂದೇ. ದೊಡ್ಡಮ್ಮನಿಗೆ ಅಂಕಿಯ ಗುರುತು ಅಷ್ಟಾಗಿ ಇರಲಿಲ್ಲ. ಅವರು ಕಲಿತದ್ದು ಜಾಗವನ್ನು. ಚೆನ್ನಾಗಿ ಕಲಿತದ್ದರಿಂದಲೇ ತಪ್ಪಿದರು.

ಎರಡನೆಯ ಪಾಠ

ಸಂಜೆ ದೊಡ್ಡಮ್ಮನ ಮನೆಗೆ ಹೋಗಿ, "ತಪ್ಪು ನಿಮ್ಮದಲ್ಲ ದೊಡ್ಡಮ್ಮ, ನನ್ನ ಹಾಳೆಯದು" ಎಂದು ಎರಡೂ ಜೋಡಣೆ ತೋರಿಸಿದೆ. ಮರುದಿನ ತರಗತಿಯಲ್ಲೂ ಅದನ್ನೇ ಹೇಳಿ ಪಾಠ ಆರಂಭಿಸಿದೆ. ಹಳೆಯ ಹಾಳೆಗಳನ್ನು ವಾಪಸು ಪಡೆದೆ. ಈ ಸಲ ಬೋಧನೋಪಕರಣ ಅವರದೇ ಬಟನ್ ಫೋನು. 5ರ ಮೇಲೆ ಬೆರಳಿಗೆ ಸಿಗುವ ಸಣ್ಣ ಉಬ್ಬನ್ನು ತೋರಿಸಿದೆ. ಎಟಿಎಂನಲ್ಲೂ ಅದು ಇರುತ್ತದೆ. ಅಲ್ಲಿಂದ ಮೇಲೆ, ಕೆಳಗೆ, ಎಡ, ಬಲ ಎಂದು ಹುಡುಕುವುದು ಅವರಿಗೆ ಸುಲಭವಾಯಿತು.

ಪಿನ್ ಯಾರಿಗೂ ಹೇಳಬಾರದು ಎಂದಾಗ ಒಬ್ಬರು ಕೇಳಿದರು: "ಹೆತ್ತ ಮಗನಿಗೂ ಹೇಳಬಾರದಾ ಟೀಚರಮ್ಮ?" ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಪ್ರಶ್ನೆಯನ್ನು ತರಗತಿಗೇ ಬಿಟ್ಟೆ. ಇನ್ನೊಬ್ಬರು, "ನನ್ನ ಮಗ ಒಳ್ಳೆಯವನೇ. ಆದರೆ ಎಷ್ಟು ಬಂತು, ಎಷ್ಟು ಉಳೀತು ಅಂತ ನನಗೂ ಗೊತ್ತಿರಬೇಕಲ್ಲ" ಎಂದರು. ಆಗ ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಸಾರ ಹೇಳಿದೆ: ನಾವೇ ಪಿನ್ ಕೊಟ್ಟು ಹಣ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು; ತಿಳಿಸಿದ ಮೇಲಿನದು ಬ್ಯಾಂಕಿನದು. ಕಾರ್ಡು ಕಳೆದರೆ ಮೊದಲು ಬ್ಯಾಂಕಿಗೆ ಫೋನು. ಮೋಸದ ಕರೆಯಿಂದ ಹಣ ಹೋದರೆ 1930ಕ್ಕೂ ಫೋನು.

ಕಾರ್ಡನ್ನು ಬಳಸದೆ ಇಡುವುದರಲ್ಲೂ ನಷ್ಟವಿದೆ. 2018ರ ಆಗಸ್ಟ್ 28ರ ನಂತರ ತೆರೆದ ಜನಧನ್ ಖಾತೆಯ ರುಪೇ ಕಾರ್ಡಿಗೆ 2 ಲಕ್ಷ ರೂಪಾಯಿ ಅಪಘಾತ ವಿಮೆ ಉಂಟು; ಆದರೆ ಅಪಘಾತಕ್ಕೆ ಹಿಂದಿನ 90 ದಿನಗಳಲ್ಲಿ ಒಮ್ಮೆಯಾದರೂ ಕಾರ್ಡು ಬಳಸಿರಬೇಕು. ಇದನ್ನು ಕೇಳಿದ ಮೇಲೆ ಇಬ್ಬರು, ಮನೆಗೆ ಹೋಗಿ ಕಾರ್ಡು ಕೇಳಿ ಪಡೆಯುವುದಾಗಿ ಹೇಳಿದರು.

ಮೌಲ್ಯಮಾಪನ

ಶಿಬಿರದ ಕೊನೆಯ ದಿನ ಏಳು ಮಂದಿ ಎಟಿಎಂಗೆ ಬಂದರು. ಆರು ಮಂದಿ ತಾವೇ ಹಣ ತೆಗೆದರು. ಒಬ್ಬರಿಗೆ ಪಿನ್ ಮರೆತಿತ್ತು; ಅವರನ್ನು ಬ್ಯಾಂಕಿಗೆ ಕಳಿಸಿದೆ. ದೊಡ್ಡಮ್ಮ 5ರ ಉಬ್ಬು ಮುಟ್ಟಿಕೊಂಡು ನಿಧಾನವಾಗಿ ಒತ್ತಿ 500 ರೂಪಾಯಿ ತೆಗೆದರು. ಚೀಟಿಯಲ್ಲಿ ಉಳಿದ ಹಣವನ್ನು ಮೊಮ್ಮಗನೇ ಓದಿ ಹೇಳಬೇಕಾಯಿತು. ಕಾರ್ಡು ಮಾತ್ರ ಮತ್ತೆ ಅವರ ಎಲೆಅಡಿಕೆ ಚೀಲಕ್ಕೆ ಹೋಯಿತು.

ಆತ್ಮಾವಲೋಕನ

ಮೊದಲ ದಿನ ನಾನು ಅಳೆದದ್ದು ನನ್ನ ಮಾದರಿಯ ಮೇಲಿನ ಕೌಶಲವನ್ನು, ಯಂತ್ರದ ಮೇಲಿನದನ್ನಲ್ಲ. 'ಈಡೇರಿದೆ' ಎಂದು ಬರೆಯುವ ಮೊದಲು ಎಟಿಎಂವರೆಗೆ ನಡೆದು ನೋಡಬೇಕಿತ್ತು. ಚೀಟಿಯ ಮೇಲಿನ ಬಾಕಿ ಓದುವುದನ್ನು ಉದ್ದೇಶಗಳಲ್ಲಿ ಸೇರಿಸದೆ ಬಿಟ್ಟದ್ದು ಎರಡನೆಯ ಲೋಪ. ಗಣಿತ ಬೋಧಕಿಯಾದ ನನ್ನ ನಿಜವಾದ ಕೆಲಸ ಅಲ್ಲಿಯೇ ಇತ್ತು. ಮುಂದೆ ಈ ಘಟಕ ತೆಗೆದುಕೊಳ್ಳುವ ಸಹಪಾಠಿಗಳು ಮೂರನೆಯ ಪಾಠವೊಂದನ್ನು ಅದಕ್ಕೆಂದೇ ಇಟ್ಟುಕೊಳ್ಳಲಿ. ಹಳೆಯ ಚೀಟಿಗಳನ್ನು ಕಲಿಕಾರ್ಥಿಗಳಿಂದಲೇ ತರಿಸಿಕೊಳ್ಳಲಿ.