ಡಬಲ್ ಕ್ಲಿಕ್ ಮಾಡಿದರೆ ಚಿತ್ರ ಯಾರ ಕೈಗೆ ಹೋಗುತ್ತದೆ?

ಸ್ಕಾಲರ್‌ಶಿಪ್ ಅರ್ಜಿ ತುಂಬುವ ಗಡಿಬಿಡಿಯಲ್ಲಿ ನನ್ನ ತಂಗಿಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ನಾನೇ ಹಾಳು ಮಾಡಿದೆ. ಕಾಗದವನ್ನಲ್ಲ, ಕಂಪ್ಯೂಟರಿನಲ್ಲಿದ್ದ ಅದರ ಸ್ಕ್ಯಾನನ್ನು. ಮೂಲ ಅಂಕಪಟ್ಟಿಯನ್ನು ಅಡ್ಮಿಶನ್ ಹೊತ್ತಿಗೆ ಕಾಲೇಜಿಗೆ ಕೊಟ್ಟಾಗಿತ್ತು. ಮನೆಯಲ್ಲಿ ಉಳಿದದ್ದು ಆ ಒಂದು ಫೈಲ್ ಮಾತ್ರ.

ನಡೆದದ್ದು ಇಷ್ಟೆ. ಫೈಲಿನ ಮೇಲೆ ಡಬಲ್ ಕ್ಲಿಕ್ ಮಾಡಿದೆ, ಅದು ಪೇಂಟ್‌ನಲ್ಲಿ ತೆರೆಯಿತು. ಅಪ್‌ಲೋಡ್ ಮಾಡಲು ಫೈಲ್ ಚಿಕ್ಕದಾಗಬೇಕಿತ್ತು. ರೀಸೈಜ್ ಒತ್ತಿ ಶೇಕಡಾ 20 ಎಂದು ಹಾಕಿದೆ, ಸೇವ್ ಒತ್ತಿದೆ, ಮುಚ್ಚಿದೆ. ಕೆಲವು ದಿನಗಳಲ್ಲಿ ಅರ್ಜಿ ವಾಪಸ್ ಬಂತು: ಅಂಕಪಟ್ಟಿ ಸ್ಪಷ್ಟವಾಗಿಲ್ಲ. ತೆರೆದು ನೋಡಿದರೆ ನಿಜಕ್ಕೂ ಒಂದಂಕಿಯೂ ಓದಲು ಬರುತ್ತಿಲ್ಲ. 300 ಡಿಪಿಐಯಲ್ಲಿ ಸ್ಕ್ಯಾನ್ ಮಾಡಿದ ಎ4 ಹಾಳೆ ಎಂದರೆ ಅಡ್ಡಕ್ಕೆ ಸುಮಾರು 2480, ಉದ್ದಕ್ಕೆ 3508 ಪಿಕ್ಸೆಲ್. ಅದರ ಶೇಕಡಾ 20 ಎಂದರೆ 496 ಮತ್ತು 702. ಎರಡೂ ಕಡೆ ಐದರಲ್ಲೊಂದು ಪಾಲಾದ್ದರಿಂದ 25 ಪಿಕ್ಸೆಲ್ ಇದ್ದ ಜಾಗದಲ್ಲಿ ಒಂದೇ ಉಳಿದಿತ್ತು. ಪೇಂಟ್‌ನ ಅನ್‌ಡೂ ಕೆಲಸ ಮಾಡುವುದು ಅದನ್ನು ಮುಚ್ಚುವ ತನಕ ಮಾತ್ರ. ಕೊನೆಯ ದಿನಾಂಕಕ್ಕೆ ಇನ್ನೆರಡು ದಿನ ಇತ್ತು. ಉಮ್ಮ ಏನೂ ಹೇಳಲಿಲ್ಲ, ಅದೇ ಹೆಚ್ಚು ಕಷ್ಟವಾಯಿತು.

ಆ ಫೈಲ್ ಪೇಂಟ್‌ನಲ್ಲೇ ಏಕೆ ತೆರೆಯಿತು? ಹಿಂದೊಮ್ಮೆ ಪ್ರಾಜೆಕ್ಟ್‌ಗೆ ಚಿತ್ರ ಕತ್ತರಿಸುವಾಗ 'ಯಾವಾಗಲೂ ಇದರಲ್ಲೇ ತೆರೆ' ಎಂಬಲ್ಲಿ ನಾನೇ ಟಿಕ್ ಹಾಕಿದ್ದೆ.

ವಿಂಡೋಸ್ ಡಬಲ್ ಕ್ಲಿಕ್ ಆದ ಕೂಡಲೇ ಚಿತ್ರದೊಳಗೆ ಇಣುಕಿ ನೋಡುವುದಿಲ್ಲ. ಹೆಸರಿನ ಕೊನೆಯಲ್ಲಿ ಚುಕ್ಕೆಯ ನಂತರ ಬರುವ ಎಕ್ಸ್‌ಟೆನ್ಶನ್ ಯಾವುದೆಂದು ನೋಡಿ, ತನ್ನ ಬಳಿ ಇರುವ ಪಟ್ಟಿಯ ಪ್ರಕಾರ ಫೈಲನ್ನು ಒಂದು ಪ್ರೋಗ್ರಾಮಿಗೆ ಒಪ್ಪಿಸುತ್ತದೆ. ಆ ಪ್ರೋಗ್ರಾಮಿಗೆ ಡಿಫಾಲ್ಟ್ ಎಂದು ಹೆಸರು. ಪಟ್ಟಿಯಲ್ಲಿ ಪ್ರತಿ ಎಕ್ಸ್‌ಟೆನ್ಶನ್‌ಗೂ ಬೇರೆ ಸಾಲು ಇರುತ್ತದೆ. ಡಾಟ್ ಜೆಪಿಜಿ, ಡಾಟ್ ಜೆಪಿಇಜಿ ಎರಡೂ ಒಂದೇ ಬಗೆಯ ಚಿತ್ರವಾದರೂ ಸಾಲು ಬೇರೆ. ಒಂದನ್ನು ಸರಿಪಡಿಸಿದ ಮೇಲೂ ಇನ್ನೊಂದು ಹಳೆಯ ಕಡೆಗೇ ಹೋಗುವುದು ಇದೇ ಕಾರಣಕ್ಕೆ.

ಬದಲಿಸುವುದು ಸುಲಭ. ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, 'ಓಪನ್ ವಿತ್', ಅದರೊಳಗೆ 'ಚೂಸ್ ಅನದರ್ ಆ್ಯಪ್' ಒತ್ತಿ. ಬೇಕಾದ ಪ್ರೋಗ್ರಾಮ್ ಆರಿಸಿದ ಮೇಲೆ ವಿಂಡೋಸ್ 10ರಲ್ಲಿ ಕೆಳಗಿನ 'ಆಲ್ವೇಸ್' ಎಂಬ ಸಾಲಿಗೆ ಟಿಕ್ ಹಾಕಿ ಓಕೆ ಕೊಡಬೇಕು. ವಿಂಡೋಸ್ 11ರಲ್ಲಿ 'ಆಲ್ವೇಸ್', 'ಜಸ್ಟ್ ಒನ್ಸ್' ಎಂದು ಎರಡು ಬಟನ್ ಇರುತ್ತವೆ. ಒಂದು ಸಲದ ಕೆಲಸಕ್ಕೆ 'ಜಸ್ಟ್ ಒನ್ಸ್' ಸಾಕು. ನಾನು ಅಂದು ಒತ್ತಬೇಕಾಗಿದ್ದದ್ದು ಅದನ್ನೇ. ಉಬುಂಟು ಇದ್ದವರು ರೈಟ್ ಕ್ಲಿಕ್‌ನ 'ಓಪನ್ ವಿತ್'ನಲ್ಲೇ ಹುಡುಕಿ, ಮ್ಯಾಕ್ ಇದ್ದವರು 'ಗೆಟ್ ಇನ್ಫೋ'ದೊಳಗಿನ 'ಓಪನ್ ವಿತ್' ಬದಲಿಸಿ 'ಚೇಂಜ್ ಆಲ್' ಒತ್ತಿ.

ಹಾಗಾದರೆ ಡಿಫಾಲ್ಟ್ ಯಾವುದಿರಬೇಕು? ನನ್ನ ಅಭಿಪ್ರಾಯ ಸ್ಪಷ್ಟವಿದೆ: ನೋಡಲೆಂದೇ ಇರುವ ಪ್ರೋಗ್ರಾಮ್ ಡಿಫಾಲ್ಟ್ ಆಗಿರಲಿ, ತಿದ್ದುವ ಪ್ರೋಗ್ರಾಮನ್ನು ಬೇಕಾದಾಗ ನಾವೇ ಕರೆಯೋಣ. ನೂರು ಸಲ ಚಿತ್ರ ತೆರೆದರೆ ತೊಂಬತ್ತು ಸಲ ನಮಗೆ ಬೇಕಿರುವುದು ನೋಡುವುದಷ್ಟೆ. ವಿಂಡೋಸ್ ಜೊತೆ ಬರುವ ಫೋಟೋಸ್ ಸಾಕಾಗುತ್ತದೆ. ಹಳೆಯ ಕಂಪ್ಯೂಟರಿನಲ್ಲಿ ಅದು ನಿಧಾನ ಎನಿಸಿದರೆ 1996ರಿಂದ ಬಳಕೆಯಲ್ಲಿರುವ ಇರ್ಫಾನ್‌ವ್ಯೂ ಎಂಬ ಪುಟ್ಟ ಪ್ರೋಗ್ರಾಮ್ ಇದೆ, ಮನೆಬಳಕೆಗೂ ಶಿಕ್ಷಣಕ್ಕೂ ಉಚಿತ. ಆದರೂ ಪೂರ್ತಿ ಮೈಮರೆಯುವಂತಿಲ್ಲ. ತಿರುಗಿಸುವ ಬಾಣ ಒತ್ತಿದರೆ ಕೆಲವು ವೀಕ್ಷಕ ಪ್ರೋಗ್ರಾಮ್‌ಗಳೂ ಮೂಲ ಫೈಲನ್ನೇ ಬದಲಿಸಿಬಿಡುತ್ತವೆ. ಜೆಪಿಜಿ ಚಿತ್ರವನ್ನು ತಿದ್ದಿ ಮತ್ತೆ ಮತ್ತೆ ಸೇವ್ ಮಾಡಿದಂತೆ ಪ್ರತಿ ಸಲ ಸ್ವಲ್ಪ ಸ್ವಲ್ಪ ಗುಣಮಟ್ಟ ಕಳೆದುಕೊಳ್ಳುತ್ತದೆ, ಪಿಎನ್‌ಜಿಗೆ ಆ ತೊಂದರೆ ಇಲ್ಲ. ಮುಖ್ಯ ದಾಖಲೆಗಳಿಗೆ ರೈಟ್ ಕ್ಲಿಕ್, ಪ್ರಾಪರ್ಟೀಸ್‌ನಲ್ಲಿ 'ರೀಡ್ ಓನ್ಲಿ' ಟಿಕ್ ಹಾಕಿಡಿ. ಅದರ ಮೇಲೆಯೇ ಸೇವ್ ಮಾಡಲು ಹೊರಟರೆ ತಡೆ ಬೀಳುತ್ತದೆ.

ಎಕ್ಸ್‌ಟೆನ್ಶನ್ ವಿಷಯದಲ್ಲಿ ನಮ್ಮಲ್ಲಿ ಹಲವರಿಗೆ ಒಂದು ತಪ್ಪು ಕಲ್ಪನೆ ಇದೆ. ಅರ್ಜಿಗೆ ಜೆಪಿಜಿ ಬೇಕು, ಕೈಯಲ್ಲಿರುವುದು ಪಿಎನ್‌ಜಿ. ಹೆಸರು ಬದಲಿಸಿದರೆ ಮುಗಿಯಿತಲ್ಲ? ಮುಗಿಯುವುದಿಲ್ಲ. ಪ್ರಥಮ ಪಿಯುಸಿಯಲ್ಲಿ ಬೇಸರದಿಂದ ಕಲಿತ ಹೆಕ್ಸಾಡೆಸಿಮಲ್ ಇಲ್ಲಿ ಕೆಲಸಕ್ಕೆ ಬರುತ್ತದೆ. ಜೆಪಿಜಿ ಫೈಲಿನ ಮೊದಲ ಎರಡು ಬೈಟ್ ಯಾವಾಗಲೂ ಎಫ್‌ಎಫ್ ಮತ್ತು ಡಿ8, ಅಂದರೆ 255 ಮತ್ತು 216. ಪಿಎನ್‌ಜಿಯ ಎರಡನೆಯದರಿಂದ ನಾಲ್ಕನೆಯ ಬೈಟ್‌ಗಳು 80, 78, 71. ಆಸ್ಕಿ ಕೋಷ್ಟಕ ತೆಗೆದು ನೋಡಿ, ಅವು ಪಿ, ಎನ್, ಜಿ ಅಕ್ಷರಗಳೇ. ಒಂದು ಪಿಎನ್‌ಜಿ ಚಿತ್ರದ ಪ್ರತಿಯನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ನಡುವೆ ಆರಂಭದಲ್ಲೇ ಆ ಮೂರು ಅಕ್ಷರ ಕಾಣಿಸುತ್ತವೆ. (ಸೇವ್ ಮಾಡದೆ ಮುಚ್ಚಿ.) ಹೆಸರು ಬದಲಿಸಿದರೆ ಒಳಗಿನ ಬೈಟ್ ಬದಲಾಗುವುದಿಲ್ಲ. ಒಳಗನ್ನು ಪರೀಕ್ಷಿಸುವ ವೆಬ್‌ಸೈಟ್ ಅದನ್ನು ತಿರಸ್ಕರಿಸುತ್ತದೆ. ನಿಜವಾಗಿ ಬದಲಿಸಬೇಕಾದರೆ ಪೇಂಟ್‌ನಲ್ಲಿ ತೆರೆದು 'ಸೇವ್ ಆ್ಯಸ್'ನಲ್ಲಿ ಜೆಪಿಇಜಿ ಆರಿಸಿ, ಬೇರೆ ಹೆಸರು ಕೊಡಬೇಕು.

ಐಫೋನ್‌ನಿಂದ ಬಂದ ಫೋಟೋ ತೆರೆಯುವುದೇ ಇಲ್ಲ ಎಂಬ ದೂರೂ ಇದೆ. 2017ರಲ್ಲಿ ಐಒಎಸ್ 11 ಬಂದ ಮೇಲೆ ಆ ಫೋನುಗಳು ಎಚ್‌ಇಐಸಿ ಎಂಬ ರೂಪದಲ್ಲಿ ಫೋಟೋ ಉಳಿಸತೊಡಗಿದವು. ಅದನ್ನು ಓದಬಲ್ಲ ಘಟಕ ಕಂಪ್ಯೂಟರಿನಲ್ಲಿ ಇಲ್ಲದಿದ್ದರೆ ಡಿಫಾಲ್ಟ್ ಎಷ್ಟು ಬದಲಿಸಿದರೂ ಪ್ರಯೋಜನವಿಲ್ಲ. ಫೋನಿನ ಸೆಟ್ಟಿಂಗ್ಸ್, ಕ್ಯಾಮೆರಾ, ಫಾರ್ಮ್ಯಾಟ್ಸ್‌ನಲ್ಲಿ 'ಮೋಸ್ಟ್ ಕಂಪ್ಯಾಟಿಬಲ್' ಆರಿಸಿದರೆ ಮುಂದಿನ ಫೋಟೋಗಳು ಜೆಪಿಜಿ ಆಗಿಯೇ ಬರುತ್ತವೆ.

ಇನ್ನೊಂದು ಮಾತು, ಪೆನ್‌ಡ್ರೈವ್ ಹಂಚಿಕೊಳ್ಳುವವರಿಗೆ. ವಿಂಡೋಸ್ ಸಾಮಾನ್ಯವಾಗಿ ಎಕ್ಸ್‌ಟೆನ್ಶನ್‌ಗಳನ್ನು ಮರೆಮಾಡಿ ತೋರಿಸುತ್ತದೆ. 'ಫೋಟೋ ಡಾಟ್ ಜೆಪಿಜಿ' ಎಂದು ಕಾಣುವ ಫೈಲಿನ ಪೂರ್ತಿ ಹೆಸರು 'ಫೋಟೋ ಡಾಟ್ ಜೆಪಿಜಿ ಡಾಟ್ ಇಎಕ್ಸ್‌ಇ' ಆಗಿರಬಹುದು. ಇಎಕ್ಸ್‌ಇ ಎಂದರೆ ಅದೇ ಒಂದು ಪ್ರೋಗ್ರಾಮ್. ಡಬಲ್ ಕ್ಲಿಕ್ ಮಾಡಿದರೆ ಯಾವ ವೀಕ್ಷಕಕ್ಕೂ ಹೋಗದೆ ತಾನೇ ಓಡಲು ಶುರುಮಾಡುತ್ತದೆ, ವೈರಸ್ ಆಗಿದ್ದರೆ ಅಷ್ಟು ಸಾಕು. ಫೈಲ್ ಎಕ್ಸ್‌ಪ್ಲೋರರ್‌ನ 'ವ್ಯೂ' ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಎಂಬಲ್ಲಿ ಟಿಕ್ ಹಾಕಿದರೆ ಪೂರ್ತಿ ಹೆಸರು ಕಾಣುತ್ತದೆ.

ತಂಗಿಯ ಅಂಕಪಟ್ಟಿಯ ಕತೆ ಬಾಕಿ ಇದೆ. ಸ್ಕ್ಯಾನ್ ಮಾಡಿದ ಅಂಗಡಿಯವರು ಅದನ್ನು ಇಮೇಲ್‌ನಲ್ಲಿ ಕಳುಹಿಸಿದ್ದರು ಎಂಬುದು ಆ ರಾತ್ರಿ ನೆನಪಾಯಿತು. ಹಳೆಯ ಮೇಲ್‌ಗಳನ್ನು ಕೆದಕಿದಾಗ ಫೈಲ್ ಮೊದಲಿನ ಅಳತೆಯಲ್ಲೇ ಸಿಕ್ಕಿತು. ಈ ಸಲ ಪ್ರತಿ ಮಾಡಿಕೊಂಡು ಶೇಕಡಾ 50ಕ್ಕೆ ಇಳಿಸಿದೆ. ಅಂಕಿಗಳು ಚೆನ್ನಾಗಿ ಓದಲು ಬರುತ್ತಿದ್ದವು, ವೆಬ್‌ಸೈಟೂ ಒಪ್ಪಿತು. ಮನೆಯ ಕಂಪ್ಯೂಟರಿನಲ್ಲಿ ಈಗ ಜೆಪಿಜಿ ತೆರೆಯುವುದು ಫೋಟೋಸ್. ಅದನ್ನು ಬದಲಿಸಿದ್ದು ತಂಗಿ, ನನ್ನನ್ನು ಕುರ್ಚಿಯಿಂದ ಎಬ್ಬಿಸಿ.