ಆರೋಗ್ಯ ಪ್ರಶ್ನೋತ್ತರ: ಅಸ್ತಮಾ ಹತೋಟಿಯಲ್ಲಿದೆ ಎಂದರೇನು?

ಪ್ರಶ್ನೆ: ನನಗೆ 41 ವರ್ಷ, ಪ್ರೌಢಶಾಲಾ ಶಿಕ್ಷಕಿ. ಮದುವೆಗೆ ಮುಂಚಿನಿಂದಲೂ ಅಸ್ತಮಾ ಇದೆ. ನೀಲಿ ಇನ್‌ಹೇಲರ್ ಸದಾ ಬ್ಯಾಗಿನಲ್ಲಿರುತ್ತದೆ, ದಿನಕ್ಕೆ ಒಂದೆರಡು ಸಲ ಬೇಕಾಗುತ್ತದೆ. ವಾರಕ್ಕೊಮ್ಮೆಯಾದರೂ ಬೆಳಗಿನ ಜಾವ ಕೆಮ್ಮಿ ಎದ್ದು ಕೂರುತ್ತೇನೆ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆಂದು ಕೆಳಮಹಡಿಯ ತರಗತಿಗಳನ್ನೇ ಕೇಳಿ ಪಡೆದಿದ್ದೇನೆ. ಆಸ್ಪತ್ರೆ ಸೇರುವ ಸ್ಥಿತಿ ಎಂದೂ ಬಂದಿಲ್ಲ. ದಿನವೂ ತೆಗೆದುಕೊಳ್ಳಲು ವೈದ್ಯರು ಕೊಟ್ಟ ಇನ್ನೊಂದು ಇನ್‌ಹೇಲರ್‌ನಲ್ಲಿ ಸ್ಟೀರಾಯ್ಡ್ ಇದೆ ಎಂದು ಗೊತ್ತಾಗಿ ಬಿಟ್ಟುಬಿಟ್ಟೆ. ನನ್ನ ಕಾಯಿಲೆ ಹತೋಟಿಯಲ್ಲಿದೆ ಅಂದುಕೊಳ್ಳಬಹುದಲ್ಲವೇ?
– ಓದುಗರು, ತುಮಕೂರು

ಉತ್ತರ: ಇಲ್ಲಮ್ಮ, ಹತೋಟಿಯಲ್ಲಿಲ್ಲ. ನೀವು ಅದಕ್ಕೆ ಒಗ್ಗಿಕೊಂಡಿದ್ದೀರಿ, ಅಷ್ಟೆ.

ಕಳೆದ ನಾಲ್ಕು ವಾರಗಳನ್ನು ನೆನಪಿಸಿಕೊಂಡು ನಾಲ್ಕು ಪ್ರಶ್ನೆಗಳಿಗೆ ಉತ್ತರಿಸಿ. ಹಗಲಲ್ಲಿ ಉಬ್ಬಸ, ಕೆಮ್ಮು ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬಂದಿತ್ತೇ? ಒಂದು ರಾತ್ರಿಯಾದರೂ ಅದರಿಂದ ನಿದ್ದೆ ಕೆಟ್ಟಿತ್ತೇ? ನೀಲಿ ಇನ್‌ಹೇಲರ್ ವಾರಕ್ಕೆ ಎರಡಕ್ಕಿಂತ ಹೆಚ್ಚು ಸಲ ಬೇಕಾಯಿತೇ? ಯಾವುದಾದರೂ ಕೆಲಸ ಮಾಡಲಾಗದೆ ಬಿಟ್ಟಿರಾ? ನಾಲ್ಕಕ್ಕೂ ‘ಇಲ್ಲ’ ಎಂದರೆ ಮಾತ್ರ ಹತೋಟಿ ಚೆನ್ನಾಗಿದೆ. ಮೂರು ಅಥವಾ ನಾಲ್ಕಕ್ಕೆ ‘ಹೌದು’ ಎಂದರೆ ಕಾಯಿಲೆ ಹತೋಟಿ ತಪ್ಪಿದೆ. ನಿಮ್ಮ ಪತ್ರವೇ ನಾಲ್ಕಕ್ಕೂ ‘ಹೌದು’ ಎನ್ನುತ್ತಿದೆ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ನೋವು ತಂದದ್ದು ಕೆಳಮಹಡಿಯ ತರಗತಿಯ ಮಾತು. ಆಸ್ಪತ್ರೆ ಸೇರಲಿಲ್ಲ ಎಂಬುದೊಂದನ್ನೇ ಲೆಕ್ಕ ಹಿಡಿದರೆ, ಹೀಗೆ ಬಿಟ್ಟುಕೊಟ್ಟದ್ದು ಯಾವುದೂ ಲೆಕ್ಕಕ್ಕೆ ಬರುವುದಿಲ್ಲ. ಕೆನಡಾದ ಎಲಿಜಬೆತ್ ಜೂನಿಪರ್ ಮತ್ತು ಅವರ ಸಂಗಡಿಗರು 1992ರಲ್ಲಿ ಅಸ್ತಮಾ ರೋಗಿಗಳ ಬದುಕಿನ ಗುಣಮಟ್ಟ ಅಳೆಯಲು 32 ಪ್ರಶ್ನೆಗಳ ಪಟ್ಟಿಯೊಂದನ್ನು ಪ್ರಕಟಿಸಿದರು. ರೋಗಲಕ್ಷಣಗಳ ಜೊತೆಗೆ ಭಯ, ಬೇಸರ, ಹೊಗೆ-ದೂಳಿನ ಕಾಟವನ್ನೂ ಅದು ಕೇಳುತ್ತದೆ. ತನಗೆ ಮುಖ್ಯವಾದ ಐದು ಚಟುವಟಿಕೆಗಳನ್ನು ಅದರಲ್ಲಿ ರೋಗಿಯೇ ಆರಿಸಿ ಹೇಳಬೇಕು. ಇದು ನನಗೆ ಬಹಳ ಸರಿಯೆನಿಸುತ್ತದೆ. ಒಬ್ಬರಿಗೆ ಅದು ಭಜನೆ, ಇನ್ನೊಬ್ಬರಿಗೆ ಮೊಮ್ಮಗುವನ್ನು ಎತ್ತಿಕೊಂಡು ನಡೆಯುವುದು, ನಿಮಗೆ ಮೇಲ್ಮಹಡಿಯಲ್ಲಿ ಪಾಠ ಮಾಡುವುದು ಇರಬಹುದು. ಅಂಥ ಐದನ್ನು ಬರೆದುಕೊಂಡು ಮುಂದಿನ ಸಲ ವೈದ್ಯರ ಬಳಿ ಹೋಗಿ. ‘ಹೇಗಿದ್ದೀರಿ’ ಎಂದು ಅವರು ಕೇಳಿದಾಗ ‘ಪರವಾಗಿಲ್ಲ’ ಎಂದು ಮುಗಿಸಬೇಡಿ.

ಇನ್ನು ಔಷಧದ ವಿಷಯ. ಅಸ್ತಮಾದಲ್ಲಿ ಶ್ವಾಸನಾಳದ ಒಳಪದರ ಸದಾ ಊದಿಕೊಂಡಿರುತ್ತದೆ. ನೀಲಿ ಇನ್‌ಹೇಲರ್‌ನಲ್ಲಿರುವ ಸಾಲ್ಬುಟಮಾಲ್ ಬಿಗಿದ ಸ್ನಾಯುವನ್ನು ಕೆಲವು ಗಂಟೆ ಸಡಿಲಿಸುತ್ತದೆ, ಊತವನ್ನು ಮುಟ್ಟುವುದಿಲ್ಲ. ಊತ ಇಳಿಸುವುದು ನೀವು ಬಿಟ್ಟ ಆ ಇನ್ನೊಂದು ಇನ್‌ಹೇಲರ್. ಬರೀ ನೀಲಿ ಇನ್‌ಹೇಲರ್ ನೆಚ್ಚಿಕೊಳ್ಳುವ ಚಿಕಿತ್ಸೆ ಬೇಡವೆಂದು ಅಸ್ತಮಾದ ಅಂತರರಾಷ್ಟ್ರೀಯ ಮಾರ್ಗಸೂಚಿ 2019ರಿಂದಲೇ ಹೇಳುತ್ತಿದೆ. 200 ಪಫ್‌ಗಳ ಅಂಥ ಡಬ್ಬಿಗಳು ವರ್ಷಕ್ಕೆ ಮೂರು ಅಥವಾ ಹೆಚ್ಚು ಖರ್ಚಾದರೆ, ಕಾಯಿಲೆ ಜೋರಾಗಿ ಕೆರಳುವ ಅಪಾಯ ಹೆಚ್ಚು. ದಿನಕ್ಕೆ ಎರಡು ಸಲ, ಸಲಕ್ಕೆರಡು ಪಫ್ ಎಂದರೆ ನಿಮ್ಮದು ಏಳು ಡಬ್ಬಿ ದಾಟುತ್ತದೆ.

ಸ್ಟೀರಾಯ್ಡ್ ಎಂಬ ಹೆಸರಿಗೆ ಹೆದರಿದ್ದು ಸಹಜ. ಆದರೆ ಇನ್‌ಹೇಲರ್‌ನ ಪ್ರಮಾಣ ಮೈಕ್ರೋಗ್ರಾಂ ಲೆಕ್ಕದ್ದು, ನೇರ ಶ್ವಾಸಕೋಶಕ್ಕೇ ಹೋಗುತ್ತದೆ. ಉಬ್ಬಸ ಕೆರಳಿದಾಗೆಲ್ಲ ನುಂಗುವ ಸ್ಟೀರಾಯ್ಡ್ ಮಾತ್ರೆಗಳು ಮಿಲಿಗ್ರಾಂ ಲೆಕ್ಕದವು, ಇಡೀ ಮೈಗೆ ಹರಡುತ್ತವೆ. ಮೊದಲಿನದನ್ನು ಬಿಟ್ಟವರಿಗೇ ಎರಡನೆಯದು ಪದೇ ಪದೇ ಬೇಕಾಗುವುದು. ಈ ಇನ್‌ಹೇಲರ್‌ನಿಂದ ದನಿ ಗೊಗ್ಗರಾಗುವುದು, ಬಾಯಲ್ಲಿ ಬಿಳಿ ಹುಣ್ಣಾಗುವುದು ಉಂಟು. ತೆಗೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಿದರೆ, ಇನ್‌ಹೇಲರ್‌ಗೆ ಜೋಡಿಸುವ ಸ್ಪೇಸರ್ ಕೊಳವೆ ಬಳಸಿದರೆ ಅದೂ ಕಡಿಮೆ. ಪಾಠ ಮಾಡುವ ನಿಮಗೆ ಇದು ಮುಖ್ಯ.

ನೀವು ಇನ್‌ಹೇಲರ್ ಎಳೆದುಕೊಳ್ಳುವ ರೀತಿಯನ್ನು ವೈದ್ಯರ ಮುಂದೆ ಒಮ್ಮೆ ಮಾಡಿ ತೋರಿಸಿ. ಡಬ್ಬಿ ಕುಲುಕಿ, ಉಸಿರು ಪೂರ್ತಿ ಬಿಟ್ಟು, ನಿಧಾನವಾಗಿ ಒಳಗೆಳೆಯುತ್ತಲೇ ಒತ್ತಿ, ಹತ್ತು ಸೆಕೆಂಡು ಉಸಿರು ಹಿಡಿಯಬೇಕು. ಕ್ಯಾಪ್ಸೂಲ್ ಹಾಕುವ ಸಾಧನವಾದರೆ ರೀತಿಯೇ ಬೇರೆ: ಜೋರಾಗಿ, ಆಳವಾಗಿ ಎಳೆಯಬೇಕು. ಅದಲು ಬದಲಾದರೆ ಔಷಧ ಗಂಟಲಲ್ಲೇ ಉಳಿಯುತ್ತದೆ.

ಪ್ರಶ್ನೆ: ನನ್ನ ಮಗಳಿಗೆ 23 ವರ್ಷ, ಸಂಬಂಧ ನೋಡುತ್ತಿದ್ದೇವೆ. ಇನ್‌ಹೇಲರ್ ಕಂಡರೆ ಗಂಡಿನ ಕಡೆಯವರು ಏನಂದುಕೊಳ್ಳುತ್ತಾರೋ ಎಂಬ ಹೆದರಿಕೆ. ಅದು ಚಟವಾಗುತ್ತದೆಂದೂ ಹೇಳುತ್ತಾರೆ. ಮಾತ್ರೆಗೆ ಬದಲಿಸಬಹುದೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ದಯವಿಟ್ಟು ಬದಲಿಸಬೇಡಿ. ಸಾಲ್ಬುಟಮಾಲ್‌ನ ಒಂದು ಪಫ್ 100 ಮೈಕ್ರೋಗ್ರಾಂ, ಮಾತ್ರೆ 4 ಮಿಲಿಗ್ರಾಂ. ಅಂದರೆ 40 ಪಟ್ಟು ಔಷಧ ಮೈ ಸೇರುತ್ತದೆ, ಕೈ ನಡುಗುತ್ತದೆ, ಎದೆ ಡವಗುಟ್ಟುತ್ತದೆ, ಆದರೂ ಉಸಿರು ಬೇಗ ಸಡಿಲವಾಗುವುದಿಲ್ಲ. ಇನ್‌ಹೇಲರ್ ಚಟವಾಗುವ ವಸ್ತುವಲ್ಲ. ದಿನವೂ ಬೇಕಾಗುವುದು ಕಾಯಿಲೆ ದೀರ್ಘಕಾಲದ್ದಾದ್ದರಿಂದ.

ಮುಚ್ಚಿಡುವ ಮಾತು ನನಗೆ ಆತಂಕ ತರುತ್ತದೆ. ಕದ್ದುಮುಚ್ಚಿ ತೆಗೆದುಕೊಳ್ಳುವ ಔಷಧ ತಪ್ಪಿಹೋಗುತ್ತದೆ. ಹೊಸ ಮನೆಯಲ್ಲಿ ಒಗ್ಗರಣೆ ಘಾಟಿಗೋ ಹೋಮದ ಹೊಗೆಗೋ ಉಬ್ಬಸ ಕೆರಳಿದರೆ ಏನು ಮಾಡಬೇಕೆಂದು ಅಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಒಂದು ವಾಕ್ಯ ಪೂರ್ತಿ ಮಾತಾಡಲಾಗದಿದ್ದರೆ, ಇನ್‌ಹೇಲರ್ ತೆಗೆದುಕೊಂಡರೂ ಉಸಿರು ಸಡಿಲವಾಗದಿದ್ದರೆ, ತುಟಿ ನೀಲಿಗಟ್ಟಿದರೆ ತಡಮಾಡದೆ 108ಕ್ಕೆ ಕರೆ ಮಾಡಬೇಕು. ಮಗಳ ಜೊತೆ ಇರುವವರಿಗೆ ಇಷ್ಟಾದರೂ ತಿಳಿದಿರಲೇಬೇಕು. ಸಂಬಂಧ ಮಾತಾಡುವಾಗಲೇ ಹೇಳಿ. ಹತೋಟಿಯಲ್ಲಿರುವ ಅಸ್ತಮಾ ಓದು, ಉದ್ಯೋಗ, ಆಟ, ಸಂಸಾರ ಯಾವುದಕ್ಕೂ ಅಡ್ಡಿಯಲ್ಲ.

ಮುಂದೆ ಗರ್ಭಿಣಿಯಾದಾಗಲೂ ಇನ್‌ಹೇಲರ್ ನಿಲ್ಲಿಸಬಾರದು. ಮಗುವಿಗೆ ಆಮ್ಲಜನಕ ಸಿಗುವುದು ತಾಯಿಯ ಉಸಿರಿನಿಂದ. ಹತೋಟಿ ತಪ್ಪಿದ ಅಸ್ತಮಾದಿಂದಾಗುವ ಅಪಾಯ ಔಷಧದ ಅಪಾಯಕ್ಕಿಂತ ಬಹಳ ದೊಡ್ಡದು. ಗರ್ಭಿಣಿ ಎಂದು ತಿಳಿದ ಕೂಡಲೇ ಹೆರಿಗೆ ವೈದ್ಯರಿಗೆ ಔಷಧಗಳ ಚೀಟಿ ತೋರಿಸಲು ಹೇಳಿ.